ಕೋಲ್ಡ್ ಸ್ಟೋರೇಜ್ ಅಲಾರಂ ಕೂಗಿದಾಗ ಮೊದಲು ಏನು ನೋಡಬೇಕು

ಹಾಸನದ ಕೋಲ್ಡ್ ಸ್ಟೋರೇಜ್‌ಗಳಿಗೆ ಬೇಸಿಗೆಯೇ ಸುಗ್ಗಿ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಲಾರಿ ಲಾರಿ ಬಂದು ಇಳಿಯುತ್ತದೆ. ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ ಮಾರಾಟ ಶುರುವಾಗಿ, ಅರಕಲಗೂಡು, ಆಲೂರು, ಬೇಲೂರು, ಹೊಳೆನರಸೀಪುರದ ರೈತರು ಬಂದು ಚೀಲ ಎತ್ತಿಕೊಂಡು ಹೋಗುವ ತನಕ ಅದು ಚೇಂಬರ್ ಒಳಗೆ ನಿದ್ದೆ ಮಾಡುತ್ತಿರಬೇಕು. ನಿದ್ದೆ ಅಂತ ಸುಮ್ನೆ ಹೇಳಿದ್ದಲ್ಲ. ಆಲೂಗಡ್ಡೆಗೆ ಜೀವ ಇದೆ. ಒಳಗೆ ಉಸಿರಾಡುತ್ತಲೇ ಇರುತ್ತದೆ, ಶಾಖ ಬಿಡುತ್ತದೆ, ತೇವ ಬಿಡುತ್ತದೆ. ಅದನ್ನು 2ರಿಂದ 4 ಡಿಗ್ರಿ ಒಳಗೆ ಹಿಡಿದಿಟ್ಟರೆ ಮಾತ್ರ ಮೊಳಕೆ ತಡೆದು ನಿಲ್ಲುತ್ತದೆ. ಹಾಗೆ ಹಿಡಿದಿಡುವ ಮಷಿನ್‌ಗೆ ಏನಾದರೂ ಆದರೆ ರಾತ್ರಿ ಎರಡು ಗಂಟೆಗೆ ನಮ್ಮನ್ನು ಎಬ್ಬಿಸಿ ಹೇಳುವುದು ಪ್ಯಾನೆಲ್ ಮೇಲಿನ ಕೆಂಪು ದೀಪ ಮತ್ತು ಬಜರ್, ಅಷ್ಟೆ.

ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಕೆಲಸ ಕಲಿಸುತ್ತೇನೆ. ಕಂಪ್ರೆಸರ್ (ಗ್ಯಾಸ್ ಅದುಮುವ ಮಷಿನ್) ಓಡಿಸುವುದು, ವಾಲ್ವ್ ತಿರುಗಿಸುವುದು, ಡಿಫ್ರಾಸ್ಟ್ ಮಾಡುವುದು (ತಂಪು ಪೈಪ್‌ಗಳ ಮೇಲೆ ಕಟ್ಟಿದ ಐಸ್ ಕರಗಿಸುವುದು) ಎಲ್ಲ ಬೇಗ ಕಲಿಯುತ್ತಾರೆ. ಅಲಾರಂ ಓದುವುದನ್ನು ಮಾತ್ರ ಯಾರೂ ಅವರನ್ನು ಕೂರಿಸಿ ಹೇಳಿಕೊಟ್ಟಿರುವುದಿಲ್ಲ. "ಕೂಗಿದರೆ ಆ ಹಳದಿ ಬಟನ್ ಒತ್ತಪ್ಪ" ಅಂತ ಹಳಬರು ಹೇಳಿರುತ್ತಾರೆ, ಇವರೂ ಒತ್ತುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಂಪು ಮಾಡಲು ಅಮೋನಿಯಾ ಬಳಸುವ ದೊಡ್ಡ ಪ್ಲಾಂಟ್‌ನಲ್ಲಿ ಇರುವವರಿಗೂ, ಹೂವು ತರಕಾರಿಗೆ ಅಂತ ಸಣ್ಣ ಫ್ರಿಯಾನ್ ಗ್ಯಾಸ್‌ನ ಕೋಲ್ಡ್ ರೂಮ್ ಇಟ್ಟುಕೊಂಡಿರುವವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಒಂದು ಘಟನೆ ಹೇಳಿಬಿಡುತ್ತೇನೆ, ಆಮೇಲಿನದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ, ಒಂದು ಮೇ ತಿಂಗಳಲ್ಲಿ ರೈತರೊಬ್ಬರು ತಮ್ಮ ಚೀಲ ಬಿಚ್ಚಿ ಒಂದು ಗಡ್ಡೆ ತೆಗೆದು ಅಂಗೈಯಲ್ಲಿ ಒತ್ತಿದರು. ನೀರು ಸುರಿಯಿತು. ಕತ್ತರಿಸಿದರೆ ಒಳಗೆ ಬೂದು ಬಣ್ಣ. "ಇದು ಮೊಳ್ಕೆ ಬತ್ತದೇನಪ್ಪಾ?" ಅಂತ ನನ್ನ ಮುಖ ನೋಡಿದರು. ಗಡ್ಡೆ ಹೆಪ್ಪುಗಟ್ಟಿ ಕರಗಿತ್ತು, ಅದಕ್ಕೆ ಇನ್ನು ಜೀವ ಇರಲಿಲ್ಲ. ಪ್ಯಾನೆಲ್‌ನಲ್ಲಿ ನೋಡಿದರೆ ಆ ಚೇಂಬರ್ ತಿಂಗಳಿಂದ 3.5, 4 ಅಂತ ತೋರಿಸುತ್ತಿತ್ತು. ಒಂದು ದಿನವೂ ಅಲಾರಂ ಆಗಿರಲಿಲ್ಲ. ಒಳಗೆ ಹೋಗಿ ಹುಡುಕಿದಾಗ ಸಿಕ್ಕಿತು: ಸೆನ್ಸರ್ ತನ್ನ ಕ್ಲಿಪ್‌ನಿಂದ ಕಳಚಿ ಬಾಗಿಲ ಹತ್ತಿರ ನೇತಾಡುತ್ತಿತ್ತು. ಬಾಗಿಲ ಬೆಚ್ಚನೆ ಗಾಳಿಯನ್ನು ನೋಡಿಕೊಂಡು ಅದು ಮಷಿನ್‌ಗೆ ಇನ್ನೂ ಓಡು ಅನ್ನುತ್ತಿತ್ತು, ಅತ್ತ ತಣ್ಣಗಿನ ಗಾಳಿ ಊದುವ ಕೂಲರ್ ಎದುರಿನ ಸಾಲು ಕಲ್ಲಾಗುತ್ತಿತ್ತು. ಆ ರೈತರ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ಪ್ಯಾನೆಲ್‌ಗೆ ಗೊತ್ತಿರುವುದು ಅದರ ಸೆನ್ಸರ್ ಇರುವ ಜಾಗದ ವಿಷಯ ಮಾತ್ರ. ಉಳಿದದ್ದನ್ನು ನಾವೇ ಹೋಗಿ ನೋಡಬೇಕು.

ಮನುಷ್ಯರ ಅಲಾರಂ ಮೊದಲು, ಮಾಲಿನ ಅಲಾರಂ ಆಮೇಲೆ

ಪ್ಯಾನೆಲ್ ಮೇಲೆ ಹತ್ತು ದೀಪ ಇದ್ದರೂ ಅವುಗಳಲ್ಲಿ ಮೂರು ಮನುಷ್ಯರ ಜೀವದ್ದು. ಅವು ಹೊತ್ತಿದರೆ ಬೇರೆ ಏನನ್ನೂ ನೋಡಬೇಡಿ.

ಮೊದಲನೆಯದು ಒಳಗೆ ಸಿಕ್ಕಿಕೊಂಡವರು ಒತ್ತುವ ಗಂಟೆ. ಹಮಾಲರು ಒಳಗೆ ಇರುವಾಗ ಯಾರೋ ಹೊರಗಿನಿಂದ ಬಾಗಿಲು ಹಾಕಿಬಿಡಬಹುದು. ಈ ಗಂಟೆ ಬಾರಿಸಿದರೆ ಪ್ಯಾನೆಲ್ ಹತ್ತಿರ ಹೋಗುವುದೇ ಬೇಡ, ನೇರ ಚೇಂಬರ್ ಬಾಗಿಲಿಗೆ ಓಡಿ. ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು. ವಾರಕ್ಕೊಮ್ಮೆ ನೀವೇ ಒಳಗೆ ನಿಂತು, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡು, ಬಾಗಿಲನ್ನೂ ಗಂಟೆಯನ್ನೂ ಪರೀಕ್ಷೆ ಮಾಡಿ.

ಎರಡನೆಯದು ಅಮೋನಿಯಾ. ದಿನಕ್ಕೆ 8 ಗಂಟೆ ಕೆಲಸ ಮಾಡುವವರಿಗೆ ಇಟ್ಟಿರುವ ಮಿತಿ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು), ಹದಿನೈದು ನಿಮಿಷದ ಮಿತಿ 35. 300 ಪಿಪಿಎಂ ಅಂದರೆ ಜೀವಕ್ಕೇ ಅಪಾಯ. ಮೂಗಿಗೆ ಇದಕ್ಕಿಂತ ತುಂಬ ಮೊದಲೇ ಗೊತ್ತಾಗುತ್ತದೆ, ಆದರೆ ದಿನವೂ ಪ್ಲಾಂಟ್‌ನಲ್ಲಿ ಇರುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಅದಕ್ಕೇ ಡಿಟೆಕ್ಟರ್ ಕೂಗಿದ ಮೇಲೆ "ನಂಗೇನೂ ವಾಸನೆ ಬರ್ತಿಲ್ವಲ್ಲ" ಅಂತ ಒಳಗೆ ಹೋಗಬೇಡಿ. ಹೊರಗಿನ ಎಮರ್ಜೆನ್ಸಿ ಸ್ಟಾಪ್ ಒತ್ತಿ, ಹೊರಗಿನ ಸ್ವಿಚ್‌ನಿಂದ ಮಷಿನ್ ರೂಮಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ನಡೆದು ಎಲ್ಲರನ್ನೂ ದೂರ ಕರೆದುಕೊಂಡು ಹೋಗಿ, ತಲೆ ಎಣಿಸಿ. ಆಮೇಲೆ 112ಕ್ಕೆ ಫೋನ್. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಹೊರಗೆ ಓಡುವಷ್ಟು ಹೊತ್ತು ಸ್ವಲ್ಪ ತಡೆಯುತ್ತದೆ, ಏಕೆಂದರೆ ಅಮೋನಿಯಾ ನೀರಿನಲ್ಲಿ ಬೇಗ ಕರಗುತ್ತದೆ. ಆ ಬಟ್ಟೆಯನ್ನು ನಂಬಿ ಒಳಗೆ ಹೋಗುವುದು ಮಾತ್ರ ಬೇಡ. ಉಸಿರಾಟದ ಸಿಲಿಂಡರ್ ಇರುವ, ತರಬೇತಿ ಆದ ಇಬ್ಬರು ಜೊತೆಯಲ್ಲಿ ಇದ್ದರೆ ಮಾತ್ರ ವಾಲ್ವ್ ಮುಚ್ಚುವ ಮಾತು. ನೆಲದ ಮೇಲೆ ದ್ರವ ಅಮೋನಿಯಾ ನಿಂತಿದ್ದರೆ ಅದರ ಮೇಲೆ ನೀರು ಹೊಡೆಯಬಾರದು. ಅದು ಮೈನಸ್ 33 ಡಿಗ್ರಿಗೇ ಕುದಿಯುವ ವಸ್ತು, ನೀರಿನ ಶಾಖ ತಗುಲಿದರೆ ಒಮ್ಮೆಗೇ ಹಬೆಯಾಗಿ ಏಳುತ್ತದೆ. ಗಾಳಿಯಲ್ಲಿ ತೇಲುವ ಹಬೆಗೆ ನೀರಿನ ತುಂತುರು ಸರಿ, ನೆಲದ ದ್ರವಕ್ಕೆ ಅಲ್ಲ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, 108 ಬರುವ ತನಕವೂ ನಿಲ್ಲಿಸಬಾರದು.

ಮೂರನೆಯದು ಕಾರ್ಬನ್ ಡೈಆಕ್ಸೈಡ್. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಗಾಳಿಗಿಂತ ಭಾರ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ ಆಸುಪಾಸು ಇರುತ್ತದೆ. ಸಾವಿರಾರು ಚೀಲ ಉಸಿರಾಡುತ್ತಿರುವ ಮುಚ್ಚಿದ ಚೇಂಬರ್‌ನಲ್ಲಿ ಅದು ಏರುತ್ತಲೇ ಹೋಗುತ್ತದೆ. 8 ಗಂಟೆ ಕೆಲಸಕ್ಕೆ ಮನುಷ್ಯರ ಮಿತಿ 5000. ನಾವು 4000 ದಾಟಲು ಬಿಡುವುದಿಲ್ಲ. ಅಲಾರಂ ಬಂದರೆ ಫ್ರೆಶ್ ಏರ್ ಫ್ಯಾನ್ ಹಾಕಿ, ಬಾಗಿಲು ತೆರೆದು, ಮೀಟರ್ ಕೆಳಗಿಳಿದ ಮೇಲೆ ಒಳಗೆ ಹೋಗಿ. ಬೆಳಗಿನ ಜಾವ ಹೊರಗೆ ತಂಪಿರುವಾಗ ದಿನವೂ ಸ್ವಲ್ಪ ಹೊತ್ತು ಗಾಳಿ ಬದಲಿಸಿದರೆ ಈ ಅಲಾರಂ ಬರುವುದೇ ಅಪರೂಪ. ಗಾಳಿ ಸಾಲದೆ ಹೋದರೆ ಗಡ್ಡೆಯ ನಡುವೆಯೂ ಕಪ್ಪಾಗುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ, ರೈತರು ಬಿತ್ತನೆಗೆ ಕತ್ತರಿಸಿದಾಗಲೇ ಗೊತ್ತಾಗುವುದು.

ಬಟನ್‌ಗೆ ಕೈ ಹಾಕುವ ಮೊದಲು

ಇನ್ನು ಉಳಿದ ಅಲಾರಂಗಳು. ಇವು ಬಂದಾಗ ಮೊದಲ ಕೆಲಸ ಓದುವುದು, ಎರಡನೆಯದು ಬರೆಯುವುದು, ಬಟನ್ ಮೂರನೆಯದು. ಯಾವ ದೀಪ, ಎಷ್ಟು ಗಂಟೆ, ಆ ಹೊತ್ತಿಗೆ ಡಿಸ್‌ಪ್ಲೇಯಲ್ಲಿ ಎಷ್ಟು ಡಿಗ್ರಿ, ಗೇಜ್‌ನಲ್ಲಿ ಎಷ್ಟು ಪ್ರೆಶರ್. ಕೈಯಲ್ಲಿ ಫೋನ್ ಇದ್ದೇ ಇರುತ್ತದೆ ಅಲ್ವಾ, ಪ್ಯಾನೆಲ್‌ನ ಒಂದು ಫೋಟೋ, ಗೇಜ್‌ಗಳ ಒಂದು ಫೋಟೋ ತೆಗೆದುಬಿಡಿ. ಬೆಳಿಗ್ಗೆ ಮೆಕ್ಯಾನಿಕ್ ಬಂದು ಕೇಳುವ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ. ರಿಸೆಟ್ ಒತ್ತಿದ ಮೇಲೆ ಆ ಗುರುತೆಲ್ಲ ಹೋಗಿಬಿಡುತ್ತದೆ.

ಮ್ಯೂಟ್, ಅಕ್ನಾಲೆಜ್, ರಿಸೆಟ್ ಮೂರೂ ಬೇರೆ ಬೇರೆ. ಮ್ಯೂಟ್ ಸದ್ದು ನಿಲ್ಲಿಸುತ್ತದೆ, ಅಷ್ಟೆ. ಅಕ್ನಾಲೆಜ್ ಅಂದರೆ "ನಾನು ನೋಡಿದ್ದೇನೆ" ಅಂತ ನೀವು ಮಷಿನ್‌ಗೆ ಹೇಳುವುದು, ಮಿಣುಕುತ್ತಿದ್ದ ದೀಪ ಒಂದೇ ಸಮ ಉರಿಯಲು ಶುರುವಾಗುತ್ತದೆ. ರಿಸೆಟ್ ಅಂದರೆ "ಕಾರಣ ಹೋಗಿದೆ, ಮತ್ತೆ ಓಡು" ಅಂತ ಒಪ್ಪಿಗೆ ಕೊಡುವುದು. ಕಾರಣ ಗೊತ್ತಿಲ್ಲದೆ ಆ ಒಪ್ಪಿಗೆ ಕೊಡಬಾರದು. ನಾನು ಹುಡುಗರಿಗೆ ಹೇಳುವ ನಿಯಮ ಇದು: ಕಾರಣ ಕಂಡು, ಸರಿ ಮಾಡಿ, ಒಂದು ಸಲ ರಿಸೆಟ್ ಮಾಡು. ಅದೇ ಅಲಾರಂ ಎರಡನೇ ಸಲ ಬಂತು ಅಂದರೆ ಮಷಿನ್ ನಿಂತಿರಲಿ, ನನಗೆ ಫೋನ್ ಮಾಡು. ಮಧ್ಯರಾತ್ರಿ ಆದರೂ ಪರವಾಗಿಲ್ಲ. ಎಂಟು ಸಲ ರಿಸೆಟ್ ಒತ್ತಿ ಕಂಪ್ರೆಸರ್ ಸುಟ್ಟ ಮೇಲೆ ಬರುವ ಫೋನಿಗಿಂತ ಅದು ಎಷ್ಟೋ ಮೇಲು.

ಒಟ್ಟಿಗೆ ಐದಾರು ದೀಪ ಹೊತ್ತಿದರೆ ಗಾಬರಿ ಬೇಡ, ಅಷ್ಟೂ ತೊಂದರೆ ಇರುವುದಿಲ್ಲ. ಏಪ್ರಿಲ್‌ನಲ್ಲಿ ಅಶ್ವಿನಿ ಮಳೆ ಗುಡುಗು ಸಿಡಿಲಿನ ಜೊತೆ ಬರುತ್ತದಲ್ಲ, ಆಗ ಹೀಗೆ ಆಗುವುದು ಜಾಸ್ತಿ. ಕರೆಂಟ್ ಒಂದು ಕ್ಷಣ ಕುಸಿಯುತ್ತದೆ, ಮೋಟಾರ್‌ಗಳಿಗೆ ಕರೆಂಟ್ ಕೊಡುವ ಕಾಂಟ್ಯಾಕ್ಟರ್ ಬಿಟ್ಟುಕೊಳ್ಳುತ್ತದೆ, ಫ್ಯಾನ್ ನಿಲ್ಲುತ್ತದೆ, ನೀರಿನ ಪಂಪ್ ನಿಲ್ಲುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ತಾಪಮಾನದ ಅಲಾರಂ. ಎಲ್ಲದಕ್ಕೂ ತಾಯಿ ಒಂದೇ. ಹೊಸ ಕಂಟ್ರೋಲರ್‌ಗಳಲ್ಲಿ ಅಲಾರಂ ಹಿಸ್ಟರಿ ಅಂತ ಇರುತ್ತದೆ, ಅದರಲ್ಲಿ ಎಲ್ಲಕ್ಕಿಂತ ಮೊದಲು ಯಾವುದು ಬಂತು ಅಂತ ನೋಡಿ, ಅಲ್ಲಿಂದ ಹಿಡಿಯಿರಿ. ಹಳೆ ಪ್ಯಾನೆಲ್ ಆದರೆ ಕರೆಂಟ್, ಫೇಸ್, ಪಂಪ್, ಫ್ಯಾನ್, ಕಂಪ್ರೆಸರ್ ಅಂತ ಈ ಕ್ರಮದಲ್ಲೇ ನೋಡುತ್ತಾ ಬನ್ನಿ.

ತಾಪಮಾನ ಏರಿದೆ ಅಂದಾಗ

ಹೈ ಟೆಂಪರೇಚರ್ ಅಲಾರಂಗೆ ಎಲ್ಲರೂ ಹೆದರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. 50 ಕೆಜಿಯ 10,000 ಚೀಲ ಅಂದರೆ 500 ಟನ್. ಒಂದು ಕೆಜಿ ಆಲೂಗಡ್ಡೆಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 3.6 ಕಿಲೋಜೌಲ್ ಬೇಕು. ಅಂದರೆ ಇಡೀ ರಾಶಿ ಒಂದು ಡಿಗ್ರಿ ಏರಬೇಕಾದರೆ ಹೆಚ್ಚುಕಡಿಮೆ 500 ಯೂನಿಟ್ (ಒಂದು ಯೂನಿಟ್ ಅಂದರೆ 3600 ಕಿಲೋಜೌಲ್) ಶಾಖ ಒಳಗೆ ಹೋಗಬೇಕು. ಬಾಗಿಲು ಹತ್ತು ನಿಮಿಷ ತೆರೆದಿದ್ದರೆ ಗಾಳಿಯ ಸೆನ್ಸರ್ ಥಟ್ಟನೆ 8 ಡಿಗ್ರಿ ತೋರಿಸಬಹುದು, ಗಡ್ಡೆಗೆ ಅದು ಗೊತ್ತೇ ಆಗಿರುವುದಿಲ್ಲ. ಹಾಗೆಯೇ ಗಡ್ಡೆ ನಿಜವಾಗಿ ಎರಡು ಡಿಗ್ರಿ ಏರಿಬಿಟ್ಟಿದ್ದರೆ ಅದನ್ನು ಕೆಳಗಿಳಿಸಲು ಮಷಿನ್ ದಿನಗಟ್ಟಲೆ ದುಡಿಯಬೇಕು. ಹಾಗಾಗಿ ಕೇಳಬೇಕಾದ್ದು "ಎಷ್ಟು ಡಿಗ್ರಿ" ಅನ್ನುವುದಕ್ಕಿಂತ "ಎಷ್ಟು ಹೊತ್ತಿನಿಂದ" ಅನ್ನುವುದು.

ಮೊದಲು ಬಾಗಿಲು ನೋಡಿ. ಲೋಡಿಂಗ್ ನಡೆಯುತ್ತಿದೆಯಾ, ಪರದೆ ಸರಿದಿದೆಯಾ, ರಬ್ಬರ್ ಬೀಡಿಂಗ್ ಕಿತ್ತಿದೆಯಾ. ಆಮೇಲೆ ಡಿಫ್ರಾಸ್ಟ್ ಈಗಷ್ಟೇ ಆಯಿತಾ ಅಂತ ನೋಡಿ, ಆಗಿದ್ದರೆ ಅರ್ಧ ಗಂಟೆ ಕಾಯಿರಿ. ಆಮೇಲೆ ಕೂಲರ್ ಹತ್ತಿರ ಹೋಗಿ ಫ್ಯಾನ್ ಎಲ್ಲ ತಿರುಗುತ್ತಿವೆಯಾ ಎಣಿಸಿ. ಕಾಯಿಲ್ (ಕೂಲರ್ ಒಳಗಿನ ತಂಪು ಪೈಪ್‌ಗಳು) ಮೇಲೆ ತೆಳ್ಳಗೆ ಬಿಳಿ ಹಿಮ ಇದ್ದರೆ ಸರಿ, ರೆಕ್ಕೆಗಳ ಸಂದೇ ಕಾಣದಂತೆ ದಪ್ಪಗೆ ಐಸ್ ಕಟ್ಟಿದ್ದರೆ ಗಾಳಿ ಹೋಗಲು ದಾರಿ ಇಲ್ಲ, ಡಿಫ್ರಾಸ್ಟ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಕಬ್ಬಿಣ ಕೋಲು ಏನೂ ಹಿಡಿದು ಅದನ್ನು ಕೆದಕಬೇಡಿ. ಕಾಯಿಲ್ ತೂತಾದರೆ ಗ್ಯಾಸ್ ನೇರ ಆಲೂಗಡ್ಡೆ ಮೇಲೆ.

ಹೊಸ ಮಾಲು ತುಂಬುವ ದಿನಗಳಲ್ಲಿ ಈ ಅಲಾರಂ ಬರುವುದೇ ಸಹಜ. ಬಿಸಿಲಲ್ಲಿ ಬಂದ ಚೀಲ ಒಮ್ಮೆಗೇ ಒಳಗೆ ಹೋದರೆ ಯಾವ ಮಷಿನ್ ಆದರೂ ಉಸ್ಸಪ್ಪಾ ಅನ್ನುತ್ತದೆ. ಆ ಹೊತ್ತಿನಲ್ಲಿ ಅಲಾರಂ ಮಿತಿಯನ್ನು ಮೇಲೆ ಎತ್ತಿಟ್ಟು, ಎತ್ತಿಟ್ಟಿದ್ದನ್ನು ರಿಜಿಸ್ಟರ್‌ನಲ್ಲಿ ಬರೆದು, ತುಂಬುವುದು ಮುಗಿದ ಮೇಲೆ ಮರೆಯದೆ ಕೆಳಗಿಳಿಸಬೇಕು. ಬರೆಯದೆ ಎತ್ತಿಟ್ಟರೆ ಅದು ಅಲ್ಲೇ ಉಳಿದುಬಿಡುತ್ತದೆ. ಎಷ್ಟೋ ಕಡೆ ನೋಡಿದ್ದೇನೆ.

ತಾಪಮಾನ ಇಳಿದಿದೆ ಅಂದಾಗ

ಇದಕ್ಕೆ ಮಾತ್ರ ಯಾರೂ ಹೆದರುವುದಿಲ್ಲ. "ತಂಪಾಗಿದೆ, ಒಳ್ಳೇದೇ ಅಲ್ವಾ" ಅನ್ನುತ್ತಾರೆ. ನನ್ನ ಪ್ರಕಾರ ಇದೇ ಜಾಸ್ತಿ ಅಪಾಯದ್ದು. ತಾಪಮಾನ ಏರಿದರೆ ಮೊಳಕೆ ಬೇಗ ಬರಬಹುದು, ಕೊಳೆ ಹೆಚ್ಚಬಹುದು, ಆದರೆ ನಿಮಗೆ ಸಮಯ ಇರುತ್ತದೆ. ಸೊನ್ನೆಯ ಕೆಳಗೆ ಒಂದು ಡಿಗ್ರಿ ಹೋದರೆ ಗಡ್ಡೆಯೊಳಗಿನ ನೀರು ಹೆಪ್ಪುಗಟ್ಟಲು ಶುರು, ಆಮೇಲೆ ಅದನ್ನು ಬದುಕಿಸುವ ದಾರಿ ಇಲ್ಲ. ಅದೂ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ. ಕೂಲರ್ ಗಾಳಿ ನೇರ ಬಡಿಯುವ ಮೇಲಿನ ಸಾಲು ಮೊದಲು ಹೋಗುತ್ತದೆ.

ಲೋ ಅಲಾರಂ ಬಂದರೆ ಮೊದಲು ಆ ಚೇಂಬರ್‌ನ ಲಿಕ್ವಿಡ್ ಲೈನ್ (ಕೂಲರ್‌ಗೆ ದ್ರವ ತರುವ ಪೈಪ್) ಮುಚ್ಚಿ, ಫ್ಯಾನ್ ಓಡಲಿ. ಫ್ಯಾನ್ ಓಡಿದರೆ ತಣ್ಣಗಿನ ಗಾಳಿ ಒಂದೇ ಕಡೆ ನಿಲ್ಲದೆ ಹರಡಿಕೊಳ್ಳುತ್ತದೆ. ಆಮೇಲೆ ಕೈ ಥರ್ಮಾಮೀಟರ್ ಹಿಡಿದು ಒಳಗೆ ಹೋಗಿ, ಕೂಲರ್ ಎದುರಿನ ಚೀಲಕ್ಕೆ ಅದರ ಮೊನೆ ಚುಚ್ಚಿ ಗಡ್ಡೆಯ ಒಳಗಿನ ತಾಪಮಾನ ನೋಡಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಕರೆಂಟ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಕಸ ಸಿಕ್ಕಿ ಪೂರ್ತಿ ಮುಚ್ಚುತ್ತಿಲ್ಲ. ರಿಲೇ ಕಾಂಟ್ಯಾಕ್ಟ್ ಅಂಟಿಕೊಂಡು ಕಂಟ್ರೋಲರ್ "ನಿಲ್ಲು" ಅಂದರೂ ಕರೆಂಟ್ ಹೋಗುತ್ತಲೇ ಇದೆ. ಇಲ್ಲವೇ ಯಾರೋ ಸೆಟ್ ಪಾಯಿಂಟ್ (ಇಷ್ಟು ಡಿಗ್ರಿ ಇರಲಿ ಅಂತ ಇಟ್ಟ ಅಂಕಿ) ತಿರುಗಿಸಿದ್ದಾರೆ.

ನಾವು ಬಿತ್ತನೆ ಚೇಂಬರ್‌ಗೆ ಸೆಟ್ ಪಾಯಿಂಟ್ 3 ಇಟ್ಟು, ಮೇಲಿನ ಅಲಾರಂ 5.5ಕ್ಕೆ ಅರ್ಧ ಗಂಟೆ ಡಿಲೇ ಜೊತೆ, ಕೆಳಗಿನದು 1.5ಕ್ಕೆ ಐದೇ ನಿಮಿಷ ಡಿಲೇ ಜೊತೆ ಇಟ್ಟಿದ್ದೇವೆ. ಮೇಲಕ್ಕೆ ತಾಳ್ಮೆ ಇರಲಿ, ಕೆಳಕ್ಕೆ ಬೇಡ ಅಂತ ಲೆಕ್ಕ. ಊಟದ ಆಲೂಗಡ್ಡೆ, ಚಿಪ್ಸ್ ಆಲೂಗಡ್ಡೆ ಆದರೆ ಲೆಕ್ಕವೇ ಬೇರೆ. ಅವನ್ನು ಅಷ್ಟು ತಂಪಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ.

ತೇವಾಂಶದ ಅಲಾರಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೇಕಡಾ 90ರಿಂದ 95 ಇರಬೇಕು. ಇಳಿದರೆ ಗಡ್ಡೆ ಸುಕ್ಕಾಗಿ ತೂಕ ಹೋಗುತ್ತದೆ, ನೆಲಕ್ಕೆ ನೀರು ಚಿಮುಕಿಸಿ. ಮೇಲೇರಿ ಗಡ್ಡೆ ಮೇಲೆ ನೀರು ಕೂತರೆ ಕೊಳೆ ರೋಗ ಬರುತ್ತದೆ, ಫ್ಯಾನ್ ಓಡಿಸಿ ಒಣಗಿಸಿ.

ಸೆನ್ಸರ್ ಸುಳ್ಳು ಹೇಳುತ್ತಿದೆಯಾ?

ಡಿಸ್‌ಪ್ಲೇಯಲ್ಲಿ ತಾಪಮಾನದ ಬದಲು ಬರೀ ಗೆರೆ, ಇಲ್ಲವೇ ಪಿ1, ಇ1 ಅಂತ ಏನಾದರೂ ಬಂದರೆ ಅದು ಸೆನ್ಸರ್ ತೊಂದರೆ. ಅಕ್ಷರ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ, ಮ್ಯಾನ್ಯುಯಲ್‌ನ ಆ ಒಂದು ಪುಟವನ್ನು ಜೆರಾಕ್ಸ್ ಮಾಡಿಸಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿಡಿ. ವೈರ್ ಪೂರ್ತಿ ಕಡಿದಿದ್ದರೆ ಹೀಗೆ ಗೊತ್ತಾಗಿಬಿಡುತ್ತದೆ. ಅರ್ಧ ಕೆಟ್ಟ ಸೆನ್ಸರ್ ಮಾತ್ರ ಸುಮ್ಮನಿದ್ದು ಮೋಸ ಮಾಡುತ್ತದೆ.

ದೊಡ್ಡ ಪ್ಲಾಂಟ್‌ಗಳಲ್ಲಿ ಹಾಕುವುದು ಬಹಳ ಸಲ ಪಿಟಿ100 ಅನ್ನುವ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದರ ರೆಸಿಸ್ಟೆನ್ಸ್ ಸರಿಯಾಗಿ 100 ಓಮ್, ಒಂದು ಡಿಗ್ರಿಗೆ 0.385 ಓಮ್ ಏರುತ್ತದೆ. ಈಗ ಯೋಚನೆ ಮಾಡಿ. ತೇವದಲ್ಲಿ ವೈರ್ ಜಾಯಿಂಟ್ ಕಿಲುಬು ಹಿಡಿದು ಒಂದೇ ಒಂದು ಓಮ್ ಜಾಸ್ತಿಯಾದರೆ ಎರಡು ವೈರಿನ ಸೆನ್ಸರ್ ಸುಮಾರು 2.6 ಡಿಗ್ರಿ ಹೆಚ್ಚು ತೋರಿಸುತ್ತದೆ. ಒಳಗೆ ನಿಜವಾಗಿ 0.4 ಇದ್ದರೂ ಡಿಸ್‌ಪ್ಲೇಯಲ್ಲಿ ಅಂದವಾಗಿ 3.0. ಮಷಿನ್ ಅದೇ ಸರಿ ಅಂತ ಹಾಗೇ ಓಡುತ್ತಿರುತ್ತದೆ, ಯಾವ ಅಲಾರಮ್ಮೂ ಬರುವುದಿಲ್ಲ. ಮೂರು ವೈರಿನದು ಹಾಕಿಸಿ, ಜಾಯಿಂಟ್ ಅನ್ನು ಚೇಂಬರ್ ಹೊರಗೆ ಒಣ ಪೆಟ್ಟಿಗೆಯಲ್ಲಿ ಇಡಿಸಿ.

ಪರೀಕ್ಷೆ ಸುಲಭ. ಒಂದು ಫ್ಲಾಸ್ಕ್‌ನಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸಂದು ತುಂಬುವಷ್ಟು ಮಾತ್ರ ನೀರು ಹಾಕಿ, ಚೆನ್ನಾಗಿ ಕಲಕಿ, ಸೆನ್ಸರ್ ಮೊನೆಯನ್ನು ಐದು ನಿಮಿಷ ಅದರಲ್ಲಿ ಇಡಿ. ಸೊನ್ನೆ ತೋರಿಸಬೇಕು. ಅರ್ಧ ಡಿಗ್ರಿಗಿಂತ ಜಾಸ್ತಿ ತಪ್ಪಿದರೆ ಬದಲಿಸಿ. ಕುದಿಯುವ ನೀರಿನಲ್ಲಿ ಇಟ್ಟು 100 ಬರಲಿಲ್ಲ ಅಂತ ಒಬ್ಬ ಹುಡುಗ ಒಳ್ಳೆ ಸೆನ್ಸರ್ ಅನ್ನೇ ಬಿಸಾಕಲು ಹೊರಟಿದ್ದ. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಐಸ್ ಮಾತ್ರ ಹಾಸನದಲ್ಲೂ ಮಂಗಳೂರಲ್ಲೂ ಸೊನ್ನೆಗೇ ಕರಗುತ್ತದೆ.

ಸೆನ್ಸರ್ ಕ್ಲಿಪ್‌ನಲ್ಲೇ ಇದೆಯಾ ಅಂತ ಪ್ರತಿ ಪಾಳಿಯಲ್ಲಿ ಒಮ್ಮೆ ಕಣ್ಣಾರೆ ನೋಡಿ. ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಕಂಪ್ರೆಸರ್ ಟ್ರಿಪ್‌ಗಳು

ಎಚ್‌ಪಿ (ಹೈ ಪ್ರೆಶರ್) ಟ್ರಿಪ್ ಅಂದರೆ ಕಂಪ್ರೆಸರ್ ಹೊರಗೆ ತಳ್ಳುವ ಕಡೆ ಪ್ರೆಶರ್ ಮಿತಿ ಮೀರಿ ಮಷಿನ್ ತಾನೇ ನಿಂತಿದೆ. ಹತ್ತರಲ್ಲಿ ಎಂಟು ಸಲ ಕಾರಣ ಕಂಡೆನ್ಸರ್ (ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಭಾಗ) ಕಡೆ ಇರುತ್ತದೆ. ಮಷಿನ್ ರೂಮಲ್ಲಿ ನಿಂತು ತಲೆ ಕೆರೆದುಕೊಳ್ಳುವ ಬದಲು ಹೊರಗೆ ಹೋಗಿ ನೀರು ನೋಡಿ. ತೊಟ್ಟಿಯಲ್ಲಿ ನೀರಿದೆಯಾ, ಪಂಪ್ ಬರೀ ಸದ್ದು ಮಾಡುತ್ತಿದೆಯಾ ಇಲ್ಲ ನಿಜವಾಗಿ ನೀರು ಎತ್ತುತ್ತಿದೆಯಾ, ನಾಝಲ್ ಕಟ್ಟಿದೆಯಾ, ಪೈಪ್ ಮೇಲೆ ಸುಣ್ಣದಂಥ ಪೊರೆ ಕೂತಿದೆಯಾ. ಬೋರ್‌ವೆಲ್ ನೀರು ಬಳಸುವವರಿಗೆ ಈ ಪೊರೆಯದೇ ಕಾಟ. ನೀರೆಲ್ಲ ಸರಿಯಿದ್ದೂ ಪ್ರೆಶರ್ ಜಾಸ್ತಿ ಇದ್ದರೆ ಒಳಗೆ ಗಾಳಿ ಸೇರಿರಬಹುದು. ಇದಕ್ಕೆ ಒಂದು ಅಂದಾಜು ಇದೆ. ಅಮೋನಿಯಾ 35 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಗೇಜ್‌ನಲ್ಲಿ 12ರಿಂದ 13 ಕೆಜಿ (ಚದರ ಸೆಂಟಿಮೀಟರ್‌ಗೆ) ಬರಬೇಕು. ಕಂಡೆನ್ಸರ್‌ನಿಂದ ಹೊರಬರುವ ಲಿಕ್ವಿಡ್ ಲೈನ್ 35 ಡಿಗ್ರಿಯಲ್ಲಿದ್ದು ಗೇಜ್ 15 ತೋರಿಸುತ್ತಿದ್ದರೆ ಆ ಹೆಚ್ಚಿನದ್ದು ಗಾಳಿಯದ್ದು. ಅದನ್ನು ಪರ್ಜ್ ಮಾಡುವುದು, ಅಂದರೆ ಹೊರಗೆ ಬಿಡುವುದು, ಅನುಭವಿಗಳ ಕೆಲಸ, ರಾತ್ರಿ ಒಬ್ಬರೇ ಇರುವಾಗ ಅಲ್ಲವೇ ಅಲ್ಲ.

ಪ್ರೆಶರ್ ಮಿತಿ ಮೀರಿದರೆ ಮಷಿನ್ ನಿಲ್ಲಿಸುವ ಎಚ್‌ಪಿ ಕಟ್‌ಔಟ್‌ನ ಸ್ಕ್ರೂ ತಿರುಗಿಸಿ ಮಿತಿ ಮೇಲೆ ಎತ್ತುವುದು, ವೈರ್ ಸೇರಿಸಿ ಬೈಪಾಸ್ ಮಾಡುವುದು, ಇವೆರಡನ್ನೂ ಯಾವ ಮಾಲೀಕರು ಹೇಳಿದರೂ ಮಾಡಬೇಡಿ. ಬೈಪಾಸ್ ಮಾಡಿದ ದಿನದಿಂದ ಆ ರೂಮಿನಲ್ಲಿ ನಿಲ್ಲುವವರು ನೀವು.

ಎಲ್‌ಪಿ (ಲೋ ಪ್ರೆಶರ್) ಟ್ರಿಪ್ ಇದರ ತಿರುಗಾಮುರುಗ. ಎಳೆದುಕೊಳ್ಳುವ ಕಡೆ ಗ್ಯಾಸ್ ಸಾಲುತ್ತಿಲ್ಲ. ಕಾಯಿಲ್ ಐಸ್ ಕಟ್ಟಿದೆಯಾ, ಫ್ಯಾನ್ ನಿಂತಿದೆಯಾ, ಲಿಕ್ವಿಡ್ ಲೈನ್ ವಾಲ್ವ್ ಯಾರಾದರೂ ಮುಚ್ಚಿದ್ದಾರಾ, ಕಸ ಸೋಸುವ ಸ್ಟ್ರೈನರ್ ಕಟ್ಟಿದೆಯಾ ಅಂತ ನೋಡಿ. ಕಟ್ಟಿದ ಸ್ಟ್ರೈನರ್ ಮುಟ್ಟಿದರೆ ಗೊತ್ತಾಗುತ್ತದೆ, ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಬೆವರಿರುತ್ತದೆ. ಸಣ್ಣ ಫ್ರಿಯಾನ್ ರೂಮ್‌ಗಳಲ್ಲಿ ಗ್ಯಾಸ್ ಲೀಕ್ ಆಗಿ ಎಲ್‌ಪಿ ಬರುವುದು ಹೆಚ್ಚು. ಲೀಕ್ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ತಿಂಗಳು ಮತ್ತೆ ದುಡ್ಡು.

ಆಯಿಲ್ ಪ್ರೆಶರ್ ಟ್ರಿಪ್‌ನಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ಆಯಿಲ್ ಗೇಜ್ ಮಾತ್ರ ನೋಡುವುದು. ಗೇಜ್ 4 ತೋರಿಸುತ್ತಿದೆ, ಸಕ್ಷನ್ (ಎಳೆದುಕೊಳ್ಳುವ ಕಡೆಯ) ಪ್ರೆಶರ್ 2.5 ಇದೆ ಅಂದರೆ ಬೇರಿಂಗ್‌ಗೆ ಸಿಗುವ ಪ್ರೆಶರ್ ಬರೀ 1.5. ಎರಡರ ವ್ಯತ್ಯಾಸವೇ ಲೆಕ್ಕಕ್ಕೆ ಬರುವುದು. ಆಯಿಲ್ ಗಾಜಿನಲ್ಲಿ ಮಟ್ಟ ನೋಡಿ, ನೊರೆ ನೋಡಿ. ನೊರೆ ಉಕ್ಕುತ್ತಿದ್ದು ಕ್ರ್ಯಾಂಕ್‌ಕೇಸ್ (ಕಂಪ್ರೆಸರ್‌ನ ಆಯಿಲ್ ಇರುವ ಕೆಳಭಾಗ) ಹೊರಗೆ ಹಿಮ ಕಟ್ಟಿದ್ದರೆ ದ್ರವ ಅಮೋನಿಯಾ ವಾಪಸ್ ಬರುತ್ತಿದೆ. ಆಗ ರಿಸೆಟ್ ಅನ್ನುವ ಮಾತೇ ಇಲ್ಲ, ದ್ರವವನ್ನು ಅದುಮಲು ಹೋದ ಕಂಪ್ರೆಸರ್ ಒಡೆದುಹೋಗುತ್ತದೆ.

ಕರೆಂಟ್ ಅಲಾರಂ

ಮೂರು ಫೇಸ್‌ನಲ್ಲಿ ಒಂದು ಹೋದರೆ ಸಿಂಗಲ್ ಫೇಸ್ ಪ್ರಿವೆಂಟರ್ ಮಷಿನ್ ನಿಲ್ಲಿಸುತ್ತದೆ. ನಿಲ್ಲಿಸದೆ ಹೋದರೆ ಮೋಟಾರ್ ವೈಂಡಿಂಗ್ ಸುಟ್ಟುಹೋಗುತ್ತದೆ. ಫೇಸ್‌ನಿಂದ ಫೇಸ್‌ಗೆ 415 ವೋಲ್ಟ್ ಆಸುಪಾಸು, ಮೂರೂ ಹೆಚ್ಚುಕಡಿಮೆ ಸಮ ಇದೆಯಾ ಅಂತ ವೋಲ್ಟ್ ಮೀಟರ್ ಸ್ವಿಚ್ ತಿರುಗಿಸಿ ನೋಡಿ. ಇಲ್ಲದಿದ್ದರೆ ಲೈನ್‌ನಲ್ಲಿ ತೊಂದರೆ. ಕರೆಂಟ್ ಕೊಡುವ ಚೆಸ್ಕಾಂಗೆ ಹೇಳಿ, ಜನರೇಟರ್‌ಗೆ ಬದಲಿಸಿ.

ಇನ್ನೊಂದು ವಿಷಯ, ಇದು ಬಹಳ ಜನರಿಗೆ ಗೊತ್ತಿಲ್ಲ. ಟ್ರಾನ್ಸ್‌ಫಾರ್ಮರ್ ಕೆಲಸ ಆದ ಮೇಲೆ, ಇಲ್ಲವೇ ಜನರೇಟರ್ ರಿಪೇರಿ ಆದ ಮೇಲೆ ಫೇಸ್ ಕ್ರಮ ಅದಲುಬದಲಾಗಿರಬಹುದು. ಆಗ ಮೋಟಾರ್ ಹಿಂದಕ್ಕೆ ತಿರುಗುತ್ತದೆ. ಫ್ಯಾನ್ ತಿರುಗುತ್ತಿದೆ, ಸದ್ದೂ ಬರುತ್ತಿದೆ, ಆದರೆ ಗಾಳಿ ಸರಿಯಾಗಿ ಬರುತ್ತಿಲ್ಲ ಅನ್ನಿಸುತ್ತದೆ. ಕೆಲವು ಕಂಪ್ರೆಸರ್‌ಗಳಲ್ಲಿ ಆಯಿಲ್ ಪಂಪ್ ಹಿಂದಕ್ಕೆ ತಿರುಗಿದರೆ ಆಯಿಲ್ ಎತ್ತುವುದಿಲ್ಲ, ಅಲ್ಲಿ ಆಯಿಲ್ ಟ್ರಿಪ್ ಬರುತ್ತದೆ. ಲೈನ್ ಕೆಲಸ ಆದ ದಿನವೇ ಆಯಿಲ್ ಟ್ರಿಪ್ ಬಂತು ಅಂದರೆ ಆಯಿಲ್ ತುಂಬಿಸುವ ಮೊದಲು ಮೋಟಾರ್ ಮೇಲಿನ ಬಾಣದ ಗುರುತು ನೋಡಿ.

ಕರೆಂಟ್ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ನೀರಿನ ಪಂಪ್, ಕಂಡೆನ್ಸರ್, ಕೂಲರ್ ಫ್ಯಾನ್, ಕೊನೆಗೆ ಕಂಪ್ರೆಸರ್. ಸಣ್ಣ ಸೀಲ್ಡ್ ಕಂಪ್ರೆಸರ್ ಆದರೆ ಮೂರರಿಂದ ಐದು ನಿಮಿಷ ಬಿಡುವು ಕೊಡಿ, ಎರಡೂ ಕಡೆ ಪ್ರೆಶರ್ ಸಮ ಆಗಬೇಕು. ಕರೆಂಟ್ ಗಂಟೆಗಟ್ಟಲೆ ಬರಲ್ಲ ಅಂತ ಗೊತ್ತಾದರೆ ಚೇಂಬರ್ ಬಾಗಿಲು ಮುಚ್ಚಿಡಿ, ಪದೇ ಪದೇ ತೆರೆದು ನೋಡಬೇಡಿ. ಅಷ್ಟು ದೊಡ್ಡ ರಾಶಿ ತನ್ನ ತಂಪನ್ನು ತಾನೇ ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ.

ಅಲಾರಂಗೆ ಬೆಲೆ ಉಳಿಯಬೇಕಾದರೆ

ದಿನಕ್ಕೆ ಇಪ್ಪತ್ತು ಸಲ ಕೂಗುವ ಬಜರ್ ಅನ್ನು ಮೂರನೇ ದಿನದಿಂದ ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾಲ್ಕನೇ ದಿನ ಯಾರೋ ಅದಕ್ಕೆ ಬಟ್ಟೆ ತುರುಕುತ್ತಾರೆ, ಇಲ್ಲ ವೈರ್ ಬಿಚ್ಚುತ್ತಾರೆ. ಆ ಹುಡುಗನನ್ನು ಬೈದು ಪ್ರಯೋಜನ ಇಲ್ಲ, ಅಲಾರಂ ಇಟ್ಟವರದ್ದೇ ತಪ್ಪು. ತಿಂಗಳಿಗೊಮ್ಮೆ ರಿಜಿಸ್ಟರ್ ತೆಗೆದು ಯಾವ ಅಲಾರಂ ಎಷ್ಟು ಸಲ ಬಂತು ಎಣಿಸಿ. ಯಾವುದು ಬಂದಾಗ ನೀವು ಏನೂ ಮಾಡಲಿಲ್ಲವೋ ಅದು ಅಲಾರಂ ಆಗಿರಬೇಕಾಗಿಲ್ಲ, ಬರೀ ದೀಪ ಇದ್ದರೆ ಸಾಕು. ಮಿತಿಯ ಅಂಚಿನಲ್ಲಿ ಬಂದು ಹೋಗಿ ಬಂದು ಹೋಗಿ ಮಾಡುವುದಕ್ಕೆ ಡಿಫರೆನ್ಷಿಯಲ್ (ಅಲಾರಂ ಬರುವ ಅಂಕಿಗೂ ಹೋಗುವ ಅಂಕಿಗೂ ಇರುವ ಅಂತರ) ಸ್ವಲ್ಪ ಹೆಚ್ಚಿಸಿ. ಡಿಫ್ರಾಸ್ಟ್ ಆದಾಗೆಲ್ಲ ಬರುವುದಕ್ಕೆ ಡಿಲೇ ಕೊಡಿ.

ಹಾಗೆಯೇ ತಿಂಗಳಿಗೊಮ್ಮೆ ಬೇಕೆಂದೇ ಅಲಾರಂ ಕೂಗಿಸಿ. ಮೇಲಿನ ಮಿತಿಯನ್ನು ಒಂದು ಕ್ಷಣ ಈಗಿನ ತಾಪಮಾನಕ್ಕಿಂತ ಕೆಳಗೆ ಇಟ್ಟು, ಡಿಲೇ ಸೊನ್ನೆ ಮಾಡಿ, ಬಜರ್ ಹೊಡೆಯುತ್ತದಾ, ಹೊರಗಿನ ಹೂಟರ್ ಹೊಡೆಯುತ್ತದಾ, ಫೋನಿಗೆ ಮೆಸೇಜ್ ಬರುತ್ತದಾ ಅಂತ ಮೂರನ್ನೂ ನೋಡಿ. ಮೆಸೇಜ್ ಕಳಿಸುವ ಡಬ್ಬಿಯ ಸಿಮ್‌ಗೆ ರೀಚಾರ್ಜ್ ಮುಗಿದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಕರೆಂಟ್ ಹೋದಾಗಲೂ ಅಲಾರಂ ಕೂಗಬೇಕು, ಅದಕ್ಕೆ ಬೇರೆ ಬ್ಯಾಟರಿ ಇರಬೇಕು. ಮೇನ್ ಆಫ್ ಮಾಡಿ ಅದನ್ನೂ ಪರೀಕ್ಷಿಸಿ. ಮುಗಿದ ಮೇಲೆ ಮಿತಿ, ಡಿಲೇ ಎರಡನ್ನೂ ಮೊದಲಿನಂತೆ ಇಟ್ಟಿದ್ದೀರಾ ಅಂತ ಇನ್ನೊಬ್ಬರಿಂದ ನೋಡಿಸಿ ಸಹಿ ಹಾಕಿಸಿ.

ಪಾಳಿ ಬದಲಾಗುವಾಗ ರಿಜಿಸ್ಟರ್ ಕೈಗೆ ಕೊಟ್ಟು ಹೊರಟುಬಿಡಬೇಡಿ. ಬರುವವರ ಜೊತೆ ಹತ್ತು ನಿಮಿಷ ಪ್ಯಾನೆಲ್ ಮುಂದೆ ನಿಲ್ಲಿ. ಯಾವುದು ಮ್ಯೂಟ್‌ನಲ್ಲಿದೆ, ಯಾವುದರ ಮಿತಿ ಎತ್ತಿಟ್ಟಿದೆ, ಯಾವ ಚೇಂಬರ್‌ನ ಸೆನ್ಸರ್ ಮೇಲೆ ಅನುಮಾನ ಇದೆ, ಬಾಯಿಬಿಟ್ಟು ಹೇಳಿ. ಆಮೇಲೆ ಇಬ್ಬರೂ ಕೈ ಥರ್ಮಾಮೀಟರ್ ತೆಗೆದುಕೊಂಡು ಚೇಂಬರ್‌ಗೆ ಒಂದು ಸುತ್ತು ಹೋಗಿ, ಕೂಲರ್ ಎದುರಿನ ಒಂದು ಚೀಲ, ಬಾಗಿಲ ಹತ್ತಿರದ ಒಂದು ಚೀಲ ಅಳೆದು, ಆ ಎರಡು ಅಂಕಿಗಳನ್ನು ಪ್ಯಾನೆಲ್‌ನ ಅಂಕಿಯ ಪಕ್ಕದಲ್ಲೇ ಬರೆದಿಡಿ.